ನೋಟರಿ ನೇಮಕಾತಿ: ಆಳಂದ ತಾಲ್ಲೂಕಿನ ಹಿನ್ನೆಲೆಯಲ್ಲಿ ಒಂದು ಅವಲೋಕನ

ನೋಟರಿಯಾಗಲು ಎಷ್ಟು ವರ್ಷಗಳ ವಕೀಲಿ ಅನುಭವ ಬೇಕು, ಅರ್ಜಿಯನ್ನು ಯಾರಿಗೆ ಸಲ್ಲಿಸಬೇಕು, ಶುಲ್ಕವೆಷ್ಟು ಎಂಬುವು ಈ ವಿಷಯದಲ್ಲಿ ಸಾಮಾನ್ಯವಾಗಿ ಮೊದಲು ಕೇಳಲಾಗುವ ಪ್ರಶ್ನೆಗಳು. ಇವೆಲ್ಲವೂ ಅರ್ಜಿದಾರರಿಗೆ ಸಂಬಂಧಿಸಿದವು. ಆದರೆ ಕಾನೂನು ಇವುಗಳ ಜೊತೆಗೆ ಇನ್ನೊಂದು ಪ್ರಶ್ನೆಯನ್ನು ಕೇಳುತ್ತದೆ, ಅದು ಅರ್ಜಿದಾರರ ಊರಿಗೆ ಸಂಬಂಧಿಸಿದ್ದು: ಈ ಪ್ರದೇಶಕ್ಕೆ ಇನ್ನೊಬ್ಬ ನೋಟರಿಯ ಅಗತ್ಯವಿದೆಯೇ? ನೋಟರಿ ಎಂಬುದು ಪರೀಕ್ಷೆ ಬರೆದು ಪಡೆಯುವ ಪದವಿಯಲ್ಲ, ವೇತನವಿರುವ ಸರ್ಕಾರಿ ನೌಕರಿಯೂ ಅಲ್ಲ. ಒಂದು ನಿರ್ದಿಷ್ಟ ಪ್ರದೇಶದ ಜನರ ಅನುಕೂಲಕ್ಕಾಗಿ ಸರ್ಕಾರವು ಮಾಡುವ ನೇಮಕಾತಿ ಅದು. ಆದುದರಿಂದ ಆಳಂದ, ಅಫಜಲಪುರ, ಜೇವರ್ಗಿಯಂತಹ ತಾಲ್ಲೂಕುಗಳಿಂದ ಅರ್ಜಿ ಸಲ್ಲಿಸುವವರು ತಮ್ಮ ಅರ್ಹತೆಯನ್ನು ಹೇಗೋ ಹಾಗೆಯೇ ತಮ್ಮ ತಾಲ್ಲೂಕಿನ ಅಗತ್ಯವನ್ನೂ ಅರಿತಿರುವುದು ಅವಶ್ಯಕ.

ನೋಟರಿಗಳ ನೇಮಕಾತಿಯು ನೋಟರಿಗಳ ಅಧಿನಿಯಮ, 1952 ಹಾಗೂ ಅದರ ಅಡಿಯಲ್ಲಿ ರಚಿಸಲಾದ ನೋಟರಿಗಳ ನಿಯಮಗಳು, 1956 ಇವುಗಳ ಪ್ರಕಾರ ನಡೆಯುತ್ತದೆ. ಅದಕ್ಕೂ ಮೊದಲು ಭಾರತದಲ್ಲಿ ಪೂರ್ಣ ಅಧಿಕಾರವುಳ್ಳ ನೋಟರಿಯಾಗಬೇಕಾದರೆ ಇಂಗ್ಲೆಂಡಿನ ಮಾಸ್ಟರ್ ಆಫ್ ಫ್ಯಾಕಲ್ಟೀಸ್ ಎಂಬ ಪ್ರಾಧಿಕಾರಿಯಿಂದ ನೇಮಕಗೊಳ್ಳಬೇಕಾಗಿತ್ತು. 1881ರ ವರ್ಗಾವಣೀಯ ಲಿಖಿತಗಳ ಅಧಿನಿಯಮದ ಅಡಿಯಲ್ಲಿ ಭಾರತ ಸರ್ಕಾರವೂ ನೋಟರಿಗಳನ್ನು ನೇಮಿಸಬಹುದಾಗಿದ್ದರೂ ಅವರ ಅಧಿಕಾರವು ಹುಂಡಿ, ಪ್ರಾಮಿಸರಿ ನೋಟು ಮುಂತಾದವುಗಳಿಗಷ್ಟೇ ಸೀಮಿತವಾಗಿತ್ತು. ಸ್ವತಂತ್ರ ದೇಶದ ಪ್ರಜೆಯೊಬ್ಬನು ಈ ಅಧಿಕಾರಕ್ಕಾಗಿ ಬ್ರಿಟನ್ನಿನ ಸಂಸ್ಥೆಯನ್ನು ಅವಲಂಬಿಸುವುದು ತರವಲ್ಲವೆಂಬ ಕಾರಣದಿಂದಲೇ 1952ರ ಅಧಿನಿಯಮವನ್ನು ತರಲಾಯಿತು. ಅದು ಜಾರಿಗೆ ಬಂದದ್ದು 1956ರ ಫೆಬ್ರುವರಿ 14ರಂದು. ಆಗ ಆಳಂದ ತಾಲ್ಲೂಕು ಹೈದರಾಬಾದ್ ರಾಜ್ಯದ ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಎಂಟೂವರೆ ತಿಂಗಳ ತರುವಾಯ, ಅದೇ ವರ್ಷದ ನವೆಂಬರ್ 1ರಂದು, ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಈ ಸಂಗತಿಯನ್ನು ಕೇವಲ ಇತಿಹಾಸಕ್ಕಾಗಿ ಹೇಳುತ್ತಿಲ್ಲ. ಅದರ ಪರಿಣಾಮವು ಇಂದಿಗೂ ತಾಲ್ಲೂಕಿನ ಕಾಗದಪತ್ರಗಳಲ್ಲಿ ಉಳಿದಿದೆ ಎಂಬುದನ್ನು ಮುಂದೆ ವಿವರಿಸಲಾಗಿದೆ.

ನೇಮಿಸುವ ಅಧಿಕಾರವು ಎರಡು ಸರ್ಕಾರಗಳಿಗೆ ಇದೆ. ಕೇಂದ್ರ ಸರ್ಕಾರವು ಇಡೀ ಭಾರತಕ್ಕೆ ಅಥವಾ ಅದರ ಯಾವುದೇ ಭಾಗಕ್ಕೆ, ರಾಜ್ಯ ಸರ್ಕಾರವು ಇಡೀ ರಾಜ್ಯಕ್ಕೆ ಅಥವಾ ಅದರ ಯಾವುದೇ ಭಾಗಕ್ಕೆ ನೋಟರಿಗಳನ್ನು ನೇಮಿಸಬಹುದು. ಕೇಂದ್ರದಲ್ಲಿ ಈ ಕೆಲಸವನ್ನು ಕಾನೂನು ಮತ್ತು ನ್ಯಾಯ ಸಚಿವಾಲಯದ ಕಾನೂನು ವ್ಯವಹಾರಗಳ ಇಲಾಖೆಯು, ರಾಜ್ಯದಲ್ಲಿ ಕಾನೂನು ಇಲಾಖೆಯು ನಿರ್ವಹಿಸುತ್ತವೆ. ಕೇಂದ್ರದ ನೋಟರಿ ದೊಡ್ಡವರು, ರಾಜ್ಯದ ನೋಟರಿ ಚಿಕ್ಕವರು ಎಂಬ ಭಾವನೆ ಕೆಲವರಲ್ಲಿದೆ, ಅದಕ್ಕೆ ಆಧಾರವಿಲ್ಲ. ಇಬ್ಬರೂ ಮಾಡುವ ಕೆಲಸಗಳು ಅಧಿನಿಯಮದ 8ನೇ ಪ್ರಕರಣದಲ್ಲಿ ಹೇಳಿರುವ ಒಂದೇ ಬಗೆಯ ಕೆಲಸಗಳು. ವ್ಯತ್ಯಾಸವಿರುವುದು ನೇಮಿಸಿದ ಸರ್ಕಾರದಲ್ಲಿ ಮತ್ತು ವೃತ್ತಿ ಪ್ರಮಾಣಪತ್ರದಲ್ಲಿ ನಮೂದಿಸಿದ ಪ್ರದೇಶದಲ್ಲಿ ಮಾತ್ರ. ಆಳಂದ ತಾಲ್ಲೂಕಿಗೆಂದು ನೇಮಕಗೊಂಡ ನೋಟರಿಯು ಕಲಬುರಗಿ ನಗರದಲ್ಲಿ ಕುಳಿತು ಮುದ್ರೆ ಒತ್ತುವಂತಿಲ್ಲ.

ಅರ್ಹತೆಯ ವಿಷಯ ಸರಳವಾಗಿದೆ. ಸಾಮಾನ್ಯ ವರ್ಗದ ಅರ್ಜಿದಾರರು ಅರ್ಜಿಯ ದಿನಾಂಕಕ್ಕೆ ಕನಿಷ್ಠ 10 ವರ್ಷ ವಕೀಲರಾಗಿ ವೃತ್ತಿ ನಡೆಸಿರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇತರೆ ಹಿಂದುಳಿದ ವರ್ಗಗಳಿಗೆ ಸೇರಿದವರಿಗೆ ಹಾಗೂ ಮಹಿಳೆಯರಿಗೆ ಈ ಅವಧಿ 7 ವರ್ಷ. ಇದಲ್ಲದೆ ಭಾರತೀಯ ಕಾನೂನು ಸೇವೆಯ ಸದಸ್ಯರು, 10 ವರ್ಷ ನ್ಯಾಯಾಂಗ ಸೇವೆಯಲ್ಲಿದ್ದವರು, ವಕೀಲರಾಗಿ ನೋಂದಣಿಯಾದ ನಂತರ ಕಾನೂನಿನ ವಿಶೇಷ ಜ್ಞಾನ ಬೇಕಾಗುವ ಸರ್ಕಾರಿ ಹುದ್ದೆಯಲ್ಲಿ ಅಷ್ಟೇ ಅವಧಿ ಕಳೆದವರು, ಸೇನಾ ಪಡೆಗಳ ಕಾನೂನು ವಿಭಾಗದಲ್ಲಿ ಕೆಲಸ ಮಾಡಿದವರು ಸಹ ಅರ್ಹರು. ಕಾನೂನು ಪದವಿ ಪಡೆದ ವರ್ಷದಿಂದ ಲೆಕ್ಕ ಹಾಕಿ ಅರ್ಜಿ ಸಲ್ಲಿಸುವುದು ತಪ್ಪು. ಗಣನೆಗೆ ಬರುವುದು ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ನಂತರದ ವೃತ್ತಿಯ ಅವಧಿ.

ಅರ್ಜಿಯಲ್ಲಿ ಹೆಚ್ಚು ಗಮನಿಸಬೇಕಾದದ್ದು ಮೇಲುಸಹಿಗಳ ಭಾಗ. ವಕೀಲರು ಸಲ್ಲಿಸುವ ಅರ್ಜಿಗೆ ಒಬ್ಬ ಮ್ಯಾಜಿಸ್ಟ್ರೇಟರು, ರಾಷ್ಟ್ರೀಕೃತ ಬ್ಯಾಂಕಿನ ಒಬ್ಬ ವ್ಯವಸ್ಥಾಪಕರು, ಒಬ್ಬ ವ್ಯಾಪಾರಿ ಮತ್ತು ಆ ಪ್ರದೇಶದ ಇಬ್ಬರು ಪ್ರಮುಖ ನಿವಾಸಿಗಳು ಮೇಲುಸಹಿ ಮಾಡಬೇಕೆಂದು ನಿಯಮ 4 ಹೇಳುತ್ತದೆ. ಬಹಳ ಜನ ಇದನ್ನು ಕೊನೆಯ ದಿನ ಓಡಾಡಿ ಪೂರೈಸುವ ಔಪಚಾರಿಕತೆ ಎಂದೇ ಭಾವಿಸುತ್ತಾರೆ. ನಿಯಮದ ಆಶಯ ಬೇರೆ. ಈ ಐವರೂ ನೋಟರಿಯ ಸೇವೆಯನ್ನು ಬಳಸುವವರು ಅಥವಾ ಅವರ ಮುದ್ರೆಯನ್ನು ನಂಬಿ ವ್ಯವಹರಿಸುವವರು. ನ್ಯಾಯಾಲಯವು ಅಫಿಡವಿಟ್ಟನ್ನು ನಂಬುತ್ತದೆ, ಬ್ಯಾಂಕು ಸಾಲದ ಕಾಗದವನ್ನು ನಂಬುತ್ತದೆ, ವ್ಯಾಪಾರಿಯು ಕರಾರನ್ನು ನಂಬುತ್ತಾನೆ, ಊರಿನವರು ಮುಖ್ತಾರನಾಮೆಯನ್ನು ನಂಬುತ್ತಾರೆ. ಮುಂದೆ ಯಾರು ಈ ವ್ಯಕ್ತಿಯ ಸಹಿಯನ್ನು ನಂಬಬೇಕಾಗಿದೆಯೋ ಅವರೇ ಮೊದಲು ಈತನ ಬಗ್ಗೆ ಸಹಿ ಹಾಕಲಿ ಎಂಬುದು ಇದರ ತಿರುಳು. ಬೇರೆ ಊರಿನ ಪರಿಚಿತರಿಂದ ಸಹಿ ಪಡೆದು ಆಳಂದಕ್ಕಾಗಿ ಅರ್ಜಿ ಹಾಕುವುದು ನಿಯಮಕ್ಕೂ ವಿರುದ್ಧ, ಆಶಯಕ್ಕೂ ವಿರುದ್ಧ.

ಅರ್ಜಿ ತಲುಪಿದ ನಂತರ ಸಕ್ಷಮ ಪ್ರಾಧಿಕಾರಿಯು ಅದನ್ನು ಪರಿಶೀಲಿಸಿ, ಮೇಲ್ನೋಟಕ್ಕೇ ಅನರ್ಹವಾದುದನ್ನು ತಿರಸ್ಕರಿಸಿ, ಉಳಿದವುಗಳ ಬಗ್ಗೆ ಆಕ್ಷೇಪಣೆಗಳನ್ನು ಆಹ್ವಾನಿಸಿ, ವಿಚಾರಣೆ ನಡೆಸಿ ಸರ್ಕಾರಕ್ಕೆ ಶಿಫಾರಸು ಮಾಡುತ್ತಾರೆ. ಶಿಫಾರಸಿನ ಸಂದರ್ಭದಲ್ಲಿ ಯಾವ ಅಂಶಗಳನ್ನು ಗಮನಿಸಬೇಕು ಎಂಬುದು ನಿಯಮ 7ರಲ್ಲಿದೆ. ಅರ್ಜಿದಾರರು ಸಾಮಾನ್ಯವಾಗಿ ಆ ಪ್ರದೇಶದಲ್ಲಿಯೇ ವಾಸವಾಗಿದ್ದಾರೆಯೇ? ಆ ಪ್ರದೇಶದ ವಾಣಿಜ್ಯ ಪ್ರಾಮುಖ್ಯವನ್ನೂ ಅಲ್ಲಿ ಈಗಿರುವ ನೋಟರಿಗಳ ಸಂಖ್ಯೆಯನ್ನೂ ನೋಡಿದರೆ ಹೆಚ್ಚುವರಿ ನೋಟರಿ ಬೇಕೇ? ಅರ್ಜಿದಾರರ ವಾಣಿಜ್ಯ ಕಾನೂನಿನ ಜ್ಞಾನ, ಅನುಭವ ಮತ್ತು ವಕೀಲಿ ವೃತ್ತಿಯ ವ್ಯಾಪ್ತಿ ಏನು? ಅದೇ ಪ್ರದೇಶಕ್ಕೆ ಇತರರ ಅರ್ಜಿಗಳಿದ್ದರೆ ಯಾರು ಹೆಚ್ಚು ಸೂಕ್ತರು?

ಇಲ್ಲಿ ಬಳಸಲಾಗಿರುವ ವಾಣಿಜ್ಯ ಪ್ರಾಮುಖ್ಯ ಎಂಬ ಅಳತೆಗೋಲು ಚರ್ಚೆಗೆ ಅರ್ಹವಾದುದು. ಹುಂಡಿಗಳು ಅಮಾನ್ಯವಾದಾಗ ಅದನ್ನು ದಾಖಲಿಸುವುದು, ಹಡಗು ಹಾನಿಗೊಂಡಾಗ ನಾವಿಕರ ಹೇಳಿಕೆಯನ್ನು ಬರೆದುಕೊಳ್ಳುವುದು ನೋಟರಿಯ ಮುಖ್ಯ ಕೆಲಸಗಳಾಗಿದ್ದ ಕಾಲದ ಮಾತು ಅದು. ಮುಂಬಯಿ, ಕೋಲ್ಕತ್ತದಂತಹ ಬಂದರು ನಗರಗಳಿಗೆ ಅದು ಸರಿಹೊಂದುತ್ತಿತ್ತು. ಆಳಂದಕ್ಕೆ ಹಡಗು ಬರುವುದಿಲ್ಲ. ತಾಲ್ಲೂಕಿನಲ್ಲಿ ವಾಣಿಜ್ಯವೇ ಇಲ್ಲವೆಂದಲ್ಲ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲಬುರಗಿ ತೊಗರಿಯ ನಾಡು ಇದು, ಕಬ್ಬಿನ ಬೆಳೆಯೂ ಸಕ್ಕರೆ ಕಾರ್ಖಾನೆಯೂ ಇವೆ. ಆದರೂ ವ್ಯಾಪಾರದ ದೃಷ್ಟಿಯೊಂದರಿಂದಲೇ ಅಳೆದರೆ ಆಳಂದವು ಸುಮಾರು 40 ಕಿಲೋಮೀಟರ್ ದೂರದ ಕಲಬುರಗಿಯ ನೆರಳಿನಲ್ಲಿಯೇ ಉಳಿಯುತ್ತದೆ.

ಇಂದು ತಾಲ್ಲೂಕು ಕೇಂದ್ರದಲ್ಲಿ ನೋಟರಿಯ ಬಳಿ ಬರುವವರು ಯಾರು? ಶಾಲಾ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಹೆಸರಿರುವ ವಿದ್ಯಾರ್ಥಿ. ವ್ಯಾಸಂಗದ ನಡುವೆ ಒಂದೆರಡು ವರ್ಷ ಬಿಟ್ಟುಹೋದುದಕ್ಕೆ ಕಾರಣ ಬರೆದುಕೊಡಬೇಕಾದವರು. ಕಳೆದುಹೋದ ಅಂಕಪಟ್ಟಿಗೆ ನಕಲು ಪ್ರತಿ ಕೋರುವವರು. ಪುಣೆ, ಮುಂಬಯಿ, ಹೈದರಾಬಾದಿಗೆ ದುಡಿಯಲು ಹೋಗುವ ಮುನ್ನ ಊರಿನ ವ್ಯವಹಾರ ನೋಡಿಕೊಳ್ಳಲು ಅಣ್ಣನಿಗೋ ತಂದೆಗೋ ಮುಖ್ತಾರನಾಮೆ ಬರೆದುಕೊಡುವವರು. ವಾರಸುದಾರಿಕೆಯ ಅರ್ಜಿಗೆ ಅಫಿಡವಿಟ್ ಲಗತ್ತಿಸಬೇಕಾದ ವಿಧವೆ. ಇವು ಯಾವುವೂ ವಾಣಿಜ್ಯವಲ್ಲ. ಆದರೆ ಖಜೂರಿ, ನಿಂಬರ್ಗಾ, ಮಾದನಹಿಪ್ಪರಗಾ, ನರೋಣಾ ಹೋಬಳಿಗಳ ಹಳ್ಳಿಗಳಿಂದ ಒಂದು ದಿನದ ಕೂಲಿ ಬಿಟ್ಟು ಬಸ್ಸಿನಲ್ಲಿ ಬರುವವರಿಗೆ ತಾಲ್ಲೂಕು ಕೇಂದ್ರದಲ್ಲಿಯೇ ನೋಟರಿ ಸಿಗುವುದೂ, ಅಲ್ಲಿಂದ ಮತ್ತೆ ಕಲಬುರಗಿಗೆ ಹೋಗಬೇಕಾಗುವುದೂ ಒಂದೇ ಅಲ್ಲ. ಆದುದರಿಂದ ಅರ್ಜಿದಾರರು ತಮ್ಮ ಪ್ರದೇಶದ ಅಗತ್ಯವನ್ನು ವಿವರಿಸುವಾಗ ಮಾರುಕಟ್ಟೆಯ ವಹಿವಾಟನ್ನು ಮಾತ್ರವಲ್ಲದೆ ಹೋಬಳಿಗಳ ದೂರ, ವಲಸೆ, ಶಿಕ್ಷಣ ಸಂಸ್ಥೆಗಳು ಇವುಗಳನ್ನೂ ತೋರಿಸುವುದು ಸೂಕ್ತ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಇದೇ ತಾಲ್ಲೂಕಿನ ಕಡಗಂಚಿಯಲ್ಲಿದೆ ಎಂಬುದೊಂದೇ ಸಾಕಷ್ಟು ಬಲವಾದ ಕಾರಣವಾಗಬಲ್ಲದು.

ಆಳಂದಕ್ಕೆ ವಿಶೇಷವಾದ ಇನ್ನೊಂದು ಅಗತ್ಯವಿದೆ, ಅದು ಭಾಷೆಯದು. ದಾಖಲೆಗಳನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ಅನುವಾದಿಸುವುದು ಮತ್ತು ಅನುವಾದವನ್ನು ಪರಿಶೀಲಿಸಿ ದೃಢೀಕರಿಸುವುದು 8ನೇ ಪ್ರಕರಣದ ಪ್ರಕಾರ ನೋಟರಿಯ ಕರ್ತವ್ಯಗಳಲ್ಲಿ ಒಂದು. ಬಹುತೇಕ ಕಡೆ ಇದು ಪುಸ್ತಕದಲ್ಲಿಯೇ ಉಳಿದಿರುವ ಕರ್ತವ್ಯ. ನಿಜಾಮರ ಆಡಳಿತದಲ್ಲಿ ಸರ್ಕಾರಿ ಭಾಷೆ ಉರ್ದು ಆಗಿದ್ದುದರಿಂದ ಹಳೆಯ ಕಂದಾಯ ದಾಖಲೆಗಳೂ ಶಾಲಾ ದಾಖಲೆಗಳೂ ಈ ಭಾಗದಲ್ಲಿ ಉರ್ದುವಿನಲ್ಲಿವೆ. ಇಂದಿಗೂ ಇಲ್ಲಿನ ರೈತರು ಜಮೀನಿನ ಹಕ್ಕು ದಾಖಲೆಯನ್ನು ಪಹಣಿ ಎಂದೇ ಕರೆಯುತ್ತಾರೆ. ತಾಲ್ಲೂಕಿನ ಗಡಿಯಾಚೆ ಮಹಾರಾಷ್ಟ್ರದ ಉಮರ್ಗಾ ಮತ್ತು ಅಕ್ಕಲಕೋಟೆ ಇವೆ; ಹೆಣ್ಣು ಕೊಟ್ಟು ತರುವ ಸಂಬಂಧವೂ ಜಮೀನಿನ ಸಂಬಂಧವೂ ಎರಡೂ ಕಡೆ ಹರಡಿವೆ. ಆದುದರಿಂದ ಮರಾಠಿ ಕಾಗದಗಳೂ ಬರುತ್ತವೆ. ಸಂವಿಧಾನದ 371ಜೆ ಅನುಚ್ಛೇದದ ಮೇರೆಗೆ ಸಹಾಯಕ ಆಯುಕ್ತರು ನೀಡುವ ಅರ್ಹತಾ ಪ್ರಮಾಣಪತ್ರಕ್ಕೆ ತಂದೆ ತಾಯಿಯರ ವಾಸದ ಆಧಾರ ಹುಡುಕುವವರ ಕೈಗೆ ಕೆಲವೊಮ್ಮೆ ಸಿಗುವುದು ತಮಗೇ ಓದಲು ಬಾರದ ಲಿಪಿಯ ಒಂದು ಹಾಳೆ. ಕನ್ನಡದ ಜೊತೆಗೆ ಉರ್ದು ಅಥವಾ ಮರಾಠಿ ಓದಬಲ್ಲ ವಕೀಲರೊಬ್ಬರು ಆಳಂದದಲ್ಲಿ ನೋಟರಿಯಾದರೆ ಜನರಿಗೆ ಆಗುವ ಪ್ರಯೋಜನ ದೊಡ್ಡದು. ಅರ್ಜಿಯಲ್ಲಿ ಭಾಷಾಜ್ಞಾನವನ್ನು ಹೇಳಿಕೊಳ್ಳಲು ಸಂಕೋಚಪಡಬೇಕಾಗಿಲ್ಲ. ಮೇಲೆ ಹೇಳಿದ ಅಂಶಗಳ ಸಾಲಿನಲ್ಲಿ ಅದೂ ಸ್ಪಷ್ಟವಾಗಿ ಸೇರಬೇಕಾಗಿತ್ತು.

ಇನ್ನು ಸಂಖ್ಯೆಯ ಮಿತಿಯ ವಿಚಾರ. ಪ್ರತಿ ರಾಜ್ಯದಲ್ಲಿ ಎಷ್ಟು ನೋಟರಿಗಳನ್ನು ನೇಮಿಸಬಹುದು ಎಂಬ ಗರಿಷ್ಠ ಸಂಖ್ಯೆಯನ್ನು ನಿಯಮಗಳ ಅನುಸೂಚಿಯಲ್ಲಿ ನಿಗದಿಪಡಿಸಲಾಗಿದೆ. ಅರ್ಹತೆಯಿದ್ದೂ ವರ್ಷಗಟ್ಟಲೆ ಕಾಯಬೇಕಾಗುವುದಕ್ಕೆ ಇದೊಂದು ಕಾರಣ. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ಈ ನಿಯಮಗಳಿಗೆ ತಿದ್ದುಪಡಿ ತಂದು ಗುಜರಾತ್, ತಮಿಳುನಾಡು, ರಾಜಸ್ಥಾನ ಮತ್ತು ನಾಗಾಲ್ಯಾಂಡ್ ರಾಜ್ಯಗಳ ಮಿತಿಯನ್ನು ಹೆಚ್ಚಿಸಿತು. ಗುಜರಾತಿನ ಸಂಖ್ಯೆಯು 2,900ರಿಂದ 6,000ಕ್ಕೆ ಏರಿತು. ಜನಸಂಖ್ಯೆ ಮತ್ತು ಜಿಲ್ಲೆ, ತಾಲ್ಲೂಕುಗಳ ಸಂಖ್ಯೆ ಹೆಚ್ಚಿರುವುದು ಇದಕ್ಕೆ ನೀಡಲಾದ ಕಾರಣಗಳಲ್ಲಿ ಸೇರಿವೆ. ಕಲಬುರಗಿ ಜಿಲ್ಲೆಯಲ್ಲಿಯೂ ಜೇವರ್ಗಿಯಿಂದ ಯಡ್ರಾಮಿ ಬೇರ್ಪಟ್ಟು ಹೊಸ ತಾಲ್ಲೂಕಾಗಿದೆ. ಹೊಸ ತಾಲ್ಲೂಕು ಎಂದರೆ ಹೊಸ ತಹಸೀಲ್ದಾರ್ ಕಚೇರಿ, ಅದರ ಎದುರು ಹೊಸ ಅರ್ಜಿಗಳ ಸಾಲು. ಇದೇ ತರ್ಕವನ್ನು ನಮ್ಮ ಜಿಲ್ಲೆಗೂ ಅನ್ವಯಿಸಿ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಮಿತಿಯೊಳಗೆ ಹೊಸಬರಿಗೆ ಸ್ಥಳ ದೊರೆಯುವ ಇನ್ನೊಂದು ದಾರಿಯನ್ನೂ ಕೇಂದ್ರ ಸರ್ಕಾರ ಆಲೋಚಿಸಿತ್ತು. ಈಗಿನ ಕಾನೂನಿನಂತೆ ವೃತ್ತಿ ಪ್ರಮಾಣಪತ್ರದ ಅವಧಿ 5 ವರ್ಷ, ನವೀಕರಣಗಳಿಗೆ ಮಿತಿಯಿಲ್ಲ. ಮೊದಲ 5 ವರ್ಷ ಮತ್ತು ಎರಡು ನವೀಕರಣ, ಒಟ್ಟು 15 ವರ್ಷ ಸಾಕು, ನಂತರ ಯುವ ವಕೀಲರಿಗೆ ಅವಕಾಶ ಸಿಗಲಿ ಎಂಬ ಕರಡು ತಿದ್ದುಪಡಿ ಮಸೂದೆಯನ್ನು 2021ರ ಡಿಸೆಂಬರ್‌ನಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಲಾಗಿತ್ತು. ಅದು ಕಾನೂನಾಗಲಿಲ್ಲ. ದೊಡ್ಡ ನಗರಕ್ಕೆ ಅದು ಒಳ್ಳೆಯದೇ ಇರಬಹುದು. ಬೆರಳೆಣಿಕೆಯಷ್ಟು ನೋಟರಿಗಳಿರುವ ಸಣ್ಣ ತಾಲ್ಲೂಕಿನಲ್ಲಿ ಜನರು ಗುರುತಿಸಿ ನಂಬಿರುವ ಒಬ್ಬರನ್ನು ಅವಧಿ ಮುಗಿಯಿತೆಂದು ಬಿಡುಗಡೆ ಮಾಡಿ, ಬದಲಿ ನೇಮಕ ತಡವಾದರೆ ತೊಂದರೆ ಆಗುವುದು ವಕೀಲರಿಗಲ್ಲ, ಸಾರ್ವಜನಿಕರಿಗೆ. ಪ್ರಸ್ತುತ ನೋಟರಿಗಳಾಗಿರುವವರು ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವುದಕ್ಕೆ ಬಹಳ ಮುಂಚಿತವಾಗಿಯೇ ಸಲ್ಲಿಸಬೇಕಾದುದರ ಮಹತ್ವವೂ ಇದರಿಂದ ತಿಳಿಯುತ್ತದೆ. ಪ್ರಮಾಣಪತ್ರವಿಲ್ಲದೆ ನೋಟರಿಯಾಗಿ ವ್ಯವಹರಿಸುವಂತಿಲ್ಲ. ನೇಮಕವಾಗದೆಯೇ ನೋಟರಿ ಎಂದು ಹೇಳಿಕೊಳ್ಳುವುದು ಒಂದು ವರ್ಷದವರೆಗಿನ ಕಾರಾವಾಸಕ್ಕೆ ಗುರಿಪಡಿಸಬಹುದಾದ ಅಪರಾಧ. ಕೇಂದ್ರದ ನೇಮಕಾತಿಗೆ ಸಂಬಂಧಿಸಿದ ಕೆಲಸಗಳಿಗಾಗಿ 2024ರಲ್ಲಿ ನೋಟರಿ ಪೋರ್ಟಲ್ ಆರಂಭವಾಗಿದೆ. ಆದುದರಿಂದ ದೆಹಲಿಯಲ್ಲಿ ಕೆಲಸ ಮಾಡಿಸಿಕೊಡುವುದಾಗಿ ಹೇಳುವ ಮಧ್ಯವರ್ತಿಗಳನ್ನು ಅರ್ಜಿದಾರರು ನಂಬಬೇಕಾದ ಅಗತ್ಯವಿಲ್ಲ.

ನೇಮಕಗೊಂಡ ಮರುದಿನವೇ ಹೊಸ ನೋಟರಿಯ ಮುಂದೆ ಬರುವ ಕಷ್ಟದ ಪ್ರಶ್ನೆಯೆಂದರೆ, ಯಾವುದಕ್ಕೆ ಮುದ್ರೆ ಒತ್ತಬಾರದು ಎಂಬುದು. ಬಾಂಡ್ ಪೇಪರಿನ ಮೇಲೆ ಬರೆದು ನೋಟರಿ ಮಾಡಿಸಿದರೆ ಜಮೀನು ತಮ್ಮದಾಯಿತು ಎಂದು ನಂಬಿ ಕೂಡಿಟ್ಟ ಹಣವನ್ನೆಲ್ಲ ಕೊಡುವವರು ಇನ್ನೂ ಇದ್ದಾರೆ. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಮೌಲ್ಯದ ಸ್ಥಿರಾಸ್ತಿಯ ಮಾರಾಟವು ನೋಂದಾಯಿತ ಕ್ರಯಪತ್ರದಿಂದ ಮಾತ್ರ ಪೂರ್ಣಗೊಳ್ಳುತ್ತದೆ. ಅದಕ್ಕೆ ಹೋಗಬೇಕಾದದ್ದು ಉಪ ನೋಂದಣಾಧಿಕಾರಿಗಳ ಕಚೇರಿಗೆ. ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದ ತೀರ್ಪಿನಲ್ಲಿ, ಮುಖ್ತಾರನಾಮೆ, ಮಾರಾಟದ ಕರಾರು ಮತ್ತು ಮರಣಶಾಸನ ಇವುಗಳ ಮೂಲಕ ನಡೆಸುವ ವ್ಯವಹಾರದಿಂದ ಆಸ್ತಿಯ ಹಕ್ಕು ವರ್ಗಾವಣೆಯಾಗುವುದಿಲ್ಲ ಎಂದು ಸ್ಪಷ್ಟಪಡಿಸಿತು. ಸ್ವಾಧೀನ ನೀಡಿ ಮಾಡಿಕೊಳ್ಳುವ ಮಾರಾಟದ ಕರಾರಿನಿಂದ ಕಾನೂನಿನ ರಕ್ಷಣೆ ಪಡೆಯಬೇಕಾದರೂ 2001ರಿಂದ ಆ ಕರಾರು ನೋಂದಣಿಯಾಗಿರಬೇಕು. ನೋಟರಿಯ ಮುದ್ರೆಯು ಹೇಳುವುದು ಇಷ್ಟು ಮಾತ್ರ: ಇಂಥ ವ್ಯಕ್ತಿಯು ಇಂಥ ದಿನ ನನ್ನ ಎದುರಿನಲ್ಲಿ ಈ ಕಾಗದಕ್ಕೆ ಸಹಿ ಮಾಡಿದ್ದಾನೆ. ಕಾಗದದಲ್ಲಿ ಬರೆದಿರುವುದು ಸತ್ಯವೆಂದಾಗಲಿ, ಮಾರುವವನಿಗೆ ಮಾರುವ ಹಕ್ಕಿದೆಯೆಂದಾಗಲಿ ಅದು ಹೇಳುವುದಿಲ್ಲ. ಇಷ್ಟನ್ನು ಮುಂದೆ ಕುಳಿತ ರೈತನಿಗೆ ಬಿಡಿಸಿ ಹೇಳುವ ನೋಟರಿಯು ಆ ದಿನದ ಶುಲ್ಕವನ್ನು ಕಳೆದುಕೊಳ್ಳಬಹುದು, ಆ ರೈತನು ಹೊಲದ ಹಣವನ್ನು ಉಳಿಸಿಕೊಳ್ಳುತ್ತಾನೆ.

ಮದುವೆ ಮತ್ತು ವಿಚ್ಛೇದನಗಳ ವಿಷಯದಲ್ಲಿಯೂ ಇದೇ ಸ್ಥಿತಿ. 2024ರ ಅಕ್ಟೋಬರ್‌ನಲ್ಲಿ ಕೇಂದ್ರದ ಕಾನೂನು ವ್ಯವಹಾರಗಳ ಇಲಾಖೆಯು ಕಚೇರಿ ಜ್ಞಾಪನ ಹೊರಡಿಸಿ, ನೋಟರಿಗಳು ವಿವಾಹ ಅಥವಾ ವಿಚ್ಛೇದನದ ಪತ್ರಗಳನ್ನು ಮಾಡಿಕೊಡಲು ಅಧಿಕಾರ ಹೊಂದಿಲ್ಲವೆಂದು ತಿಳಿಸಿತು. ನೋಟರಿಯು ವಿವಾಹಾಧಿಕಾರಿಯಲ್ಲ. ನೋಟರಿ ಕಾಗದದ ಆಧಾರದಿಂದ ವಿಚ್ಛೇದನವಾಯಿತೆಂದು ಇನ್ನೊಂದು ಮದುವೆ ಮಾಡಿಕೊಂಡ ಪ್ರಸಂಗಗಳಲ್ಲಿ ಬೀದಿಗೆ ಬೀಳುವವರು ಮೊದಲ ಹೆಂಡತಿ ಮತ್ತು ಮಕ್ಕಳು. ಇಂತಹ ಪತ್ರ ಮಾಡಿಕೊಡುವುದು ದುರ್ನಡತೆಯಾಗಿ ಪರಿಗಣಿತವಾಗಿ ನೋಟರಿಯ ಹೆಸರು ರಿಜಿಸ್ಟರಿನಿಂದ ತೆಗೆದುಹಾಕಲ್ಪಡುವ ಸಾಧ್ಯತೆಯೂ ಇದೆ.

ಹಾಗಾದರೆ ಮುದ್ರೆಗೆ ಬೆಲೆಯೇ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಇದೆ. ನೋಟರಿಯ ಎದುರು ಬರೆದುಕೊಟ್ಟು ಅವರು ಅಧಿಪ್ರಮಾಣೀಕರಿಸಿದ ಮುಖ್ತಾರನಾಮೆಯನ್ನು ಸರಿಯಾಗಿ ಬರೆದುಕೊಟ್ಟದ್ದೆಂದು ನ್ಯಾಯಾಲಯವು ಪೂರ್ವಭಾವಿಸುತ್ತದೆ. ಹಿಂದೆ ಭಾರತೀಯ ಸಾಕ್ಷ್ಯ ಅಧಿನಿಯಮದ 85ನೇ ಪ್ರಕರಣದಲ್ಲಿದ್ದ ಈ ಉಪಬಂಧವು 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 84ನೇ ಪ್ರಕರಣದಲ್ಲಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 139ನೇ ಪ್ರಕರಣದ ಪ್ರಕಾರ ನೋಟರಿಯು ಅಫಿಡವಿಟ್ಟಿಗೆ ಪ್ರಮಾಣ ವಚನ ಬೋಧಿಸಬಹುದು. ಇಂತಹ ಪೂರ್ವಭಾವನೆ ಇರುವುದರಿಂದಲೇ, ವ್ಯಕ್ತಿಯು ಎದುರಿಗೆ ಬಾರದೆ ಕಾಗದ ಮಾತ್ರ ಬಂದಾಗ ಮುದ್ರೆ ಒತ್ತುವುದು ಸಣ್ಣ ತಪ್ಪಲ್ಲ. ಟೈಪಿಂಗ್ ಅಂಗಡಿಯಲ್ಲಿ ಮೊದಲೇ ಮುದ್ರೆ ಒತ್ತಿಟ್ಟ ಹಾಳೆಗಳು ಸಿಗುವಂತಾದರೆ ಊರಿನ ಎಲ್ಲ ನಿಜವಾದ ಅಫಿಡವಿಟ್ಟುಗಳ ಬೆಲೆಯೂ ಇಳಿಯುತ್ತದೆ.

ಸಾರ್ವಜನಿಕರು ಸುಲಭವಾಗಿ ಪರಿಶೀಲಿಸಬಹುದಾದ ಕೆಲವು ಗುರುತುಗಳಿವೆ. ನೋಟರಿಯ ಮುದ್ರೆಯು 5 ಸೆಂಟಿಮೀಟರ್ ವ್ಯಾಸದ ಸಾದಾ ವೃತ್ತಾಕಾರದ ಮುದ್ರೆಯಾಗಿದ್ದು, ಅದರಲ್ಲಿ ಅವರ ಹೆಸರು, ನೇಮಕವಾದ ಪ್ರದೇಶ, ನೋಟರಿ ಎಂಬ ಪದ ಮತ್ತು ನೇಮಿಸಿದ ಸರ್ಕಾರದ ಹೆಸರು ಇರಬೇಕು. ಸಹಿ ಮತ್ತು ಮುದ್ರೆ ಎರಡೂ ಇಲ್ಲದ ಯಾವ ಕೃತ್ಯವೂ ನೋಟರಿ ಕೃತ್ಯವೆನಿಸುವುದಿಲ್ಲ. ಪ್ರತಿಯೊಂದು ಕೆಲಸವನ್ನೂ ನಿಗದಿತ ನಮೂನೆಯ ರಿಜಿಸ್ಟರಿನಲ್ಲಿ ದಾಖಲಿಸಬೇಕು; ಸಹಿ ಮಾಡಲು ರಿಜಿಸ್ಟರನ್ನೇ ಮುಂದಿಡದ ನೋಟರಿಯನ್ನು ಏಕೆಂದು ಕೇಳುವ ಹಕ್ಕು ನಾಗರಿಕರಿಗಿದೆ. ಶುಲ್ಕದ ದರಗಳು ನಿಯಮ 10ರಲ್ಲಿ ನಿಗದಿಯಾಗಿದ್ದು, ಅವುಗಳನ್ನು ಕಚೇರಿಯ ಒಳಗೂ ಹೊರಗೂ ಎದ್ದು ಕಾಣುವಂತೆ ಪ್ರದರ್ಶಿಸಬೇಕು. ಪ್ರತಿ ವರ್ಷ ಜನವರಿಯ ಮೊದಲ ವಾರದಲ್ಲಿ ಹಿಂದಿನ ವರ್ಷದ ಕೆಲಸಗಳ ವಿವರಣಾ ಪಟ್ಟಿಯನ್ನು ಸರ್ಕಾರಕ್ಕೆ ಸಲ್ಲಿಸುವುದೂ ನೋಟರಿಯ ಹೊಣೆ.

ನೋಟರಿಯ ದುರ್ನಡತೆಯ ಬಗ್ಗೆ ದೂರು ಇದ್ದಲ್ಲಿ ನಿಯಮ 13ರ ಪ್ರಕಾರ ನಿಗದಿತ ನಮೂನೆಯಲ್ಲಿ, ನೇಮಿಸಿದ ಸರ್ಕಾರಕ್ಕೆ ಸಲ್ಲಿಸಬೇಕು. ಮುದ್ರೆಯಲ್ಲಿರುವ ಸರ್ಕಾರದ ಹೆಸರನ್ನು ನೋಡಿಕೊಂಡರೆ ದೂರು ಎಲ್ಲಿಗೆ ಹೋಗಬೇಕೆಂಬುದು ತಿಳಿಯುತ್ತದೆ. ಕರ್ತವ್ಯ ನಿರ್ವಹಣೆಯಲ್ಲಿ ನೋಟರಿಯು ಎಸಗಿದನೆನ್ನಲಾದ ಅಪರಾಧದ ಬಗ್ಗೆ ಮಾತ್ರ, ಸರ್ಕಾರದಿಂದ ಅಧಿಕೃತಗೊಂಡ ಅಧಿಕಾರಿಯ ಲಿಖಿತ ದೂರಿಲ್ಲದೆ ನ್ಯಾಯಾಲಯವು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ ಎಂದು 13ನೇ ಪ್ರಕರಣ ಹೇಳುತ್ತದೆ. ಈ ರಕ್ಷಣೆಯಿಂದಾಗಿ ಮೋಸಹೋದ ವ್ಯಕ್ತಿಯ ದಾರಿ ಉದ್ದವಾಗುತ್ತದೆ ಎಂಬುದನ್ನು ಒಪ್ಪಲೇಬೇಕು.

ಅರ್ಜಿ ಸಲ್ಲಿಸಲಿಚ್ಛಿಸುವ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ವಕೀಲರು ಅಧಿಸೂಚನೆ ಬರುವವರೆಗೆ ಕಾಯದೆ ವಕೀಲರ ಪರಿಷತ್ತಿನ ನೋಂದಣಿ ಪ್ರಮಾಣಪತ್ರ, ವೃತ್ತಿಯ ಅವಧಿಯ ಆಧಾರ, ವಾಸಸ್ಥಳದ ದಾಖಲೆ, ಅನ್ವಯಿಸಿದಲ್ಲಿ ಜಾತಿ ಪ್ರಮಾಣಪತ್ರ ಇವುಗಳನ್ನು ಸಿದ್ಧವಾಗಿಟ್ಟುಕೊಳ್ಳಬಹುದು. ಅರ್ಜಿಯಲ್ಲಿ ಯಾವ ಪ್ರದೇಶಕ್ಕೆ ನೇಮಕ ಕೋರಲಾಗಿದೆ ಎಂಬುದನ್ನು ತಾಲ್ಲೂಕಿನ ಹೆಸರಿನೊಂದಿಗೆ ಸ್ಪಷ್ಟವಾಗಿ ನಮೂದಿಸತಕ್ಕದ್ದು.